ಕರೆಂಟ್ ಬಂದ ದಿನ ಕಂಪ್ಯೂಟರ್ ಮಂಕಾದರೆ

ಮಳೆಗಾಲದಲ್ಲಿ ಕೊಡಗಿನ ಊರುಗಳಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಹೊಸದೇನಲ್ಲ. ಕರೆಂಟ್ ಬಂತೆಂದು ಕಂಪ್ಯೂಟರ್ ಹಾಕಿದರೆ ಮೌಸ್ ಕೂಡ ತಡವರಿಸುತ್ತದೆ. ವೈರಸ್ ಬಂದಿದೆ ಎಂದು ಕೂಡಲೇ ಫಾರ್ಮ್ಯಾಟ್ ಮಾಡಿಸಬೇಡಿ. ಬಾಕಿ ಉಳಿದ ವಿಂಡೋಸ್ ಅಪ್‌ಡೇಟ್, ಡಿಫೆಂಡರ್‌ನ ವೈರಸ್ ಸ್ಕ್ಯಾನ್, ಆನ್‌ಲೈನ್‌ನಲ್ಲಿ ಫೈಲ್ ಇಡುವ ಒನ್‌ಡ್ರೈವ್‌ನ ಸಿಂಕ್ ಎಲ್ಲ ಒಟ್ಟಿಗೆ ಮುಗಿಬಿದ್ದಿರುತ್ತವೆ. ಅರ್ಧ ಗಂಟೆ ಅದರ ಪಾಡಿಗೆ ಬಿಟ್ಟು ನೋಡಿ.

ದಿನವೂ ಇದೇ ಪಾಡಾದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅದರ ಸ್ಟಾರ್ಟಪ್ ಭಾಗದಲ್ಲಿ, ಕಂಪ್ಯೂಟರ್ ಜೊತೆಗೇ ಎದ್ದು ಕೂರುವ ಪ್ರೋಗ್ರಾಂಗಳ ಪಟ್ಟಿ ಇದೆ. ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಡಿ. ಇದರಿಂದ ಪ್ರೋಗ್ರಾಂ ಅಳಿಸಿಹೋಗುವುದಿಲ್ಲ, ಬೇಕಾದಾಗ ನೀವೇ ತೆರೆಯಬಹುದು. ಸ್ಪಾಟಿಫೈ, ಸ್ಟೀಮ್, ಟೀಮ್ಸ್ ಇಂಥವನ್ನು ಧೈರ್ಯವಾಗಿ ನಿಲ್ಲಿಸಿ. ವಿಂಡೋಸ್ ಸೆಕ್ಯುರಿಟಿ, ಟಚ್‌ಪ್ಯಾಡ್, ಆಡಿಯೋಗೆ ಸೇರಿದವನ್ನು ಮುಟ್ಟಬೇಡಿ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ದಿನವೂ ಟೈಪ್ ಮಾಡುವವರು ಅದನ್ನೂ ಇಟ್ಟುಕೊಳ್ಳಿ.

ಆ ಪಟ್ಟಿಯ ‘ಸ್ಟಾರ್ಟಪ್ ಇಂಪ್ಯಾಕ್ಟ್’ ಕಾಲಂನಲ್ಲಿ ‘ಹೈ’ ಎಂದಿದ್ದರೆ ಗಾಬರಿ ಬೇಡ. ಶುರುವಾಗುವಾಗ 1 ಸೆಕೆಂಡಿಗಿಂತ ಹೆಚ್ಚು ಸಿಪಿಯು ಸಮಯ ಅಥವಾ 3 ಎಂಬಿಗಿಂತ ಹೆಚ್ಚು ಡಿಸ್ಕ್ ಕೆಲಸ ತೆಗೆದುಕೊಂಡರೆ ವಿಂಡೋಸ್ ಹಾಗೆ ಬರೆಯುತ್ತದೆ. ಹಾರ್ಡ್ ಡಿಸ್ಕ್‌ಗಿಂತ ವೇಗದ ಎಸ್‌ಎಸ್‌ಡಿಗೆ 3 ಎಂಬಿ ಯಾವ ಲೆಕ್ಕ!

ನಿಲ್ಲಿಸಿದ್ದು ಮತ್ತೆ ಬಂದರೆ ಆ ಪ್ರೋಗ್ರಾಂನ ಸೆಟ್ಟಿಂಗ್ಸ್‌ಗೇ ಹೋಗಿ ತೆಗೆಯಬೇಕು. ಕ್ರೋಮ್ ಅಂತೂ ಮುಚ್ಚಿದ ಮೇಲೂ ಹಿಂದೆ ಓಡುತ್ತಿರಬಹುದು. ಅದರ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಬ್ಯಾಕ್‌ಗ್ರೌಂಡ್ ಆ್ಯಪ್ ಆಯ್ಕೆಯನ್ನು ಆಫ್ ಮಾಡಿ. ಇಷ್ಟಾದ ಮೇಲೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಕೊಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ, ಡಿಸ್ಕ್‌ನಲ್ಲಿ ಉಳಿದು ಮರುದಿನ ಹಾಗೇ ಏಳುತ್ತದೆ.

ಕೆಲಸದ ನಡುವೆ ‘ನಾಟ್ ರೆಸ್ಪಾಂಡಿಂಗ್’ ಎಂದು ಬಂದರೆ, ಆ ಕಿಟಕಿ 5 ಸೆಕೆಂಡ್ ಉತ್ತರ ಕೊಟ್ಟಿಲ್ಲ ಎಂದಷ್ಟೇ ಅರ್ಥ. ತೋಟದ ಲೆಕ್ಕದ ದೊಡ್ಡ ಎಕ್ಸೆಲ್ ಫೈಲ್ ಸೇವ್ ಆಗುವಾಗಲೂ ಹೀಗಾಗುತ್ತದೆ. ಎಂಡ್ ಟಾಸ್ಕ್ ಒತ್ತಿದರೆ ಸೇವ್ ಆಗದ್ದು ಹೋದಂತೆಯೇ, ಎರಡು ನಿಮಿಷ ಕಾಯಿರಿ. ಟಾಸ್ಕ್‌ಬಾರ್ ಮಾತ್ರ ನಿಂತಿದ್ದರೆ ಟಾಸ್ಕ್ ಮ್ಯಾನೇಜರ್ ಪಟ್ಟಿಯಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಆರಿಸಿ ರೀಸ್ಟಾರ್ಟ್ ಒತ್ತಿದರೆ ಸಾಕು.

ಸುಮ್ಮನಿದ್ದಾಗಲೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ತೋರಿಸುತ್ತಲೇ ಇದ್ದರೆ ಮೆಮೊರಿ ಕಾಲಂ ನೋಡಿ. 4 ಜಿಬಿ ರ್‍ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕನ್ನೇ ಮೆಮೊರಿಯಾಗಿ ಬಳಸುತ್ತದೆ, ಹಳೆಯ ಹಾರ್ಡ್ ಡಿಸ್ಕ್ ಏದುಸಿರು ಬಿಡುತ್ತದೆ. ಹಾಗಿದ್ದರೆ ರ್‍ಯಾಮ್ ಹೆಚ್ಚಿಸಿ, ಹಾರ್ಡ್ ಡಿಸ್ಕ್ ಬದಲು ಅದೇ ಜಾಗಕ್ಕೆ ಕೂರುವ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಯುಪಿಎಸ್ ಇಲ್ಲದೆ ಪದೇ ಪದೇ ಕರೆಂಟ್ ಹೋದ ಯಂತ್ರದಲ್ಲಿ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಯೇ ಕೆಟ್ಟಿರಲೂಬಹುದು. ಡ್ರೈವ್‌ನ ಪ್ರಾಪರ್ಟೀಸ್‌ನಲ್ಲಿ ಟೂಲ್ಸ್, ಅಲ್ಲಿ ಚೆಕ್ ಒತ್ತಿ ಪರೀಕ್ಷಿಸಿ. ಆದರೆ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಪರೀಕ್ಷೆ ಆಮೇಲೆ. ಮೊದಲು ಫೋಟೋ, ಲೆಕ್ಕಪತ್ರ ಬೇರೆ ಡ್ರೈವ್‌ಗೆ ಕಾಪಿ ಆಗಲಿ.