ದಿನವನ್ನು ಬಿಡಿಸಿಕೋ

ಲ್ಯಾಟಿನ್ ಕಲಿಯಲು ಕೂತಾಗ ನಾನು ಮೊದಲು ಸೋತಿದ್ದು ಪದಗಳ ಪಟ್ಟಿಯ ಮುಂದೆ. ಇವತ್ತು ಬಾಯಿಪಾಠ ಮಾಡಿದ್ದರಲ್ಲಿ ನಾಡಿದ್ದಿಗೆ ಅರ್ಧ ಮರೆತಿರುತ್ತಿತ್ತು. ಪಟ್ಟಿ ಬದಿಗಿಟ್ಟು, ಒಂದೊಂದು ಪದದ ಹುಟ್ಟು ಕೆದಕಿದ ಮೇಲೆ ಅವು ತಲೆಯಲ್ಲಿ ನಿಂತವು.

'ಕಾರ್ಪೆ ದಿಯೆಮ್' ತಗೊಳ್ಳಿ. ಟೀ ಶರ್ಟ್ ಮೇಲೂ ಕಾಣುವ ಮಾತು. 'ಈ ದಿನವನ್ನು ಹಿಡಿದುಕೋ' ಅಂತ ಅರ್ಥ ಹೇಳುವುದು ರೂಢಿ. ಆದರೆ 'ಕಾರ್ಪೆರೆ' ಅಂದರೆ ಗಿಡದಿಂದ ಹೂ ಬಿಡಿಸುವುದು, ಹಣ್ಣು ಕೀಳುವುದು. ಕ್ರಿ.ಪೂ. 23ರ ಹೊತ್ತಿಗೆ ರೋಮಿನ ಕವಿ ಹೊರೇಸ್ ಹೊರತಂದ ಪದ್ಯವೊಂದರಲ್ಲಿ ಈ ಮಾತು ಬರುತ್ತದೆ. ಲ್ಯೂಕೊನೊಯೆ ಎಂಬ ಹೆಣ್ಣಿಗೆ ಅವನು ಹೇಳುತ್ತಾನೆ: ಆಯುಸ್ಸು ಎಷ್ಟು ಅಂತ ಬಾಬಿಲೋನಿನ ಜ್ಯೋತಿಷ್ಯದ ಲೆಕ್ಕ ಹಾಕಬೇಡ, ದ್ರಾಕ್ಷಾರಸ ಸೋಸು, ದಿನವನ್ನು ಬಿಡಿಸಿಕೋ. ಮಾಗಿದ ಹಣ್ಣಿನಂತೆ ದಿನ ಕೈಗೆಟುಕುವಲ್ಲಿ ತೂಗುತ್ತಿದೆ! ಇಂಗ್ಲಿಷಿನ 'ಎಕ್ಸರ್ಪ್ಟ್' ಕೂಡ ಇದೇ ಕ್ರಿಯಾಪದದಿಂದ ಬಂದದ್ದು, ದೊಡ್ಡ ಬರಹದಿಂದ ಕಿತ್ತು ತೆಗೆದ ತುಣುಕು. ಇನ್ನು 'ದಿಯೆಸ್', ಅಂದರೆ ದಿನ, ನಮ್ಮ 'ದಿವಸ'ದ ನೆಂಟ.

ಕನ್ನಡ ದ್ರಾವಿಡ ಭಾಷೆ, ಲ್ಯಾಟಿನ್ನಿಗೆ ಸಂಬಂಧವಿಲ್ಲ. ಆದರೆ ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ಮೂಲ ಒಂದೇ. ಹಾಗಾಗಿ ಸಂಸ್ಕೃತದಿಂದ ಬಂದು ನಮ್ಮ ಬಾಯಲ್ಲಿರುವ ಪದಗಳೇ ಇಲ್ಲಿ ಕೈ ಹಿಡಿಯುತ್ತವೆ. ಇಗ್ನಿಸ್ ಅಂದರೆ ಅಗ್ನಿ. ವಿದುವಾ ಅಂದರೆ ವಿಧವೆ. ಸೆಪ್ತೆಮ್ ಅಂದರೆ ಸಪ್ತ, ಏಳು. ರೋಮಿನ ಹಳೆಯ ವರ್ಷ ಮಾರ್ಚ್‌ನಲ್ಲಿ ಶುರುವಾಗುತ್ತಿತ್ತು, ಸೆಪ್ಟೆಂಬರ್ ಏಳನೆಯ ತಿಂಗಳಾಗಿತ್ತು. ಆದರೆ ಸದ್ದು ಒಂದೇ ಇದ್ದ ಮಾತ್ರಕ್ಕೆ ನಂಬಬೇಡಿ. ಲ್ಯಾಟಿನ್ನಿನ 'ದೇವುಸ್'ಗೆ ನಮ್ಮ 'ದೇವ' ನೆಂಟ. ಅದೇ ಅರ್ಥದ ಗ್ರೀಕ್ 'ಥಿಯೋಸ್' ಅಲ್ಲ.

ಇದು ನೆನಪಿನಲ್ಲಿ ಉಳಿಯುವುದೇಕೆ? 1972ರಲ್ಲಿ ಕ್ರೇಕ್ ಮತ್ತು ಲಾಕ್‌ಹಾರ್ಟ್ ಎಂಬ ಮನೋವಿಜ್ಞಾನಿಗಳು ಒಂದು ವಿವರಣೆ ಕೊಟ್ಟರು. ಪದದ ಸದ್ದು, ಆಕಾರವನ್ನಷ್ಟೇ ಗಮನಿಸಿದರೆ ನೆನಪು ಬೇಗ ಮಾಸುತ್ತದೆ. ಅರ್ಥವನ್ನು ಯೋಚಿಸಿ, ಗೊತ್ತಿರುವುದರ ಜೊತೆ ಹೆಣೆದರೆ ಜಾಸ್ತಿ ದಿನ ನಿಲ್ಲುತ್ತದೆ. ಕವಿಯ ಸಾಲು ಮಾಡುವುದೂ ಇದನ್ನೇ ಅಲ್ವಾ?

ಹಲ್ಲಿನ ಡಾಕ್ಟರು 'ಕ್ಯಾವಿಟಿ' ಅಂದಾಗಲೆಲ್ಲ ನನಗೆ ರೋಮಿನ ಇನ್ನೊಬ್ಬ ಕವಿ ಓವಿಡ್ ನೆನಪಾಗುತ್ತಾನೆ. ಗಡಿಪಾರಾಗಿ ಕಪ್ಪು ಸಮುದ್ರದ ದಡದಲ್ಲಿದ್ದಾಗ ಅವನು ಬರೆದ ಮಾತು: 'ಗುತ್ತಾ ಕಾವತ್ ಲಾಪಿದೆಮ್'. ಗುತ್ತಾ, ಹನಿ. ಲಾಪಿಸ್, ಕಲ್ಲು. ಹನಿ ಕಲ್ಲನ್ನು ಕೊರೆಯುತ್ತದೆ. ಆ 'ಕಾವತ್' ಇರುವುದೇ ನನ್ನ ಹಲ್ಲಿನ ತೂತಿನ ಹೆಸರಿನಲ್ಲಿ.