ಕಾಡು ಉಳಿಸಿದರೆ ಕೆಲಸ ಹೋಗುತ್ತದೆಯೇ?

ಪ್ರಶ್ನೆ: ಪರಿಸರ, ಪರಿಸರ ಅಂತ ಎಲ್ಲದಕ್ಕೂ ಅಡ್ಡ ಹಾಕಿದರೆ ನಮ್ಮ ಮಕ್ಕಳಿಗೆ ಕೆಲಸ ಎಲ್ಲಿಂದ ಬರಬೇಕು? ಪರಿಸರ ಕಾಪಾಡುವುದರಿಂದ ನಿಜವಾಗಿಯೂ ಉದ್ಯೋಗ ಹುಟ್ಟುತ್ತದಾ, ಅಥವಾ ಇದು ಬರೀ ಭಾಷಣದ ಮಾತಾ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತದೆ. ಎಲ್ಲೋ ಒಂದು ಗಣಿ, ಅಣೆಕಟ್ಟು, ಹೆದ್ದಾರಿ ಸುದ್ದಿಯಲ್ಲಿದ್ದರೆ ಇನ್ನೂ ಜಾಸ್ತಿ. ಕೇಳುವವರಲ್ಲಿ ಹೆಚ್ಚಿನವರು ಮಗನದೋ ಮಗಳದೋ ಕೆಲಸದ ಚಿಂತೆಯಲ್ಲಿರುವವರು. ಅವರನ್ನು ಎರಡು ಸಾಲಿನಲ್ಲಿ ಸಾಗಹಾಕಲು ಮನಸ್ಸು ಬರುವುದಿಲ್ಲ. ಹಾಗಾಗಿ ಈ ಸಲ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನೇರ ಉತ್ತರ. ಹುಟ್ಟುತ್ತದೆ. ಆದರೆ ತಾನಾಗಿ ಹುಟ್ಟುವುದಿಲ್ಲ. ಯಾರಾದರೂ ಮೊದಲೇ ಯೋಚಿಸಿ, ದುಡ್ಡು ಹಾಕಿ, ಜನರಿಗೆ ಕೆಲಸ ಕಲಿಸಿದರೆ ಹುಟ್ಟುತ್ತದೆ. ಕಾರ್ಖಾನೆಯ ಕೆಲಸವೂ ಹಾಗೇ ಅಲ್ವಾ?

ಇಷ್ಟು ಹೇಳಿದ ಕೂಡಲೇ ಎದುರಿನಿಂದ ಒಂದೇ ಹೆಸರು ಬರುತ್ತದೆ. ಕುದುರೆಮುಖ! ಪಶ್ಚಿಮ ಘಟ್ಟದಲ್ಲಿದ್ದ ಕಬ್ಬಿಣದ ಅದಿರಿನ ಗಣಿ ಅದು. "ಚೆನ್ನಾಗಿ ನಡೆಯುತ್ತಿದ್ದ ಗಣಿಯನ್ನು ಪರಿಸರದವರು ರಾತ್ರೋರಾತ್ರಿ ಮುಚ್ಚಿಸಿದರು, ಊರಿಗೆ ಊರೇ ಖಾಲಿಯಾಯಿತು" ಅನ್ನುವುದು ಇಪ್ಪತ್ತು ವರ್ಷದಿಂದ ಓಡುತ್ತಿರುವ ಮಾತು. ಈ ಮಾತಿನ ಒಂದೊಂದು ತುಂಡನ್ನೂ ಬಿಡಿಸಿ ನೋಡೋಣ.

ರಾತ್ರೋರಾತ್ರಿ ಮುಚ್ಚಿದ್ದಲ್ಲ. ಗಣಿ ಗುತ್ತಿಗೆಯ ಅವಧಿ 1999ರ ಜುಲೈಗೇ ಮುಗಿದಿತ್ತು. ಆ ಜಾಗವನ್ನು ರಾಷ್ಟ್ರೀಯ ಉದ್ಯಾನ ಎಂದು ಗುರುತಿಸಿದ್ದು 1987ರಲ್ಲಿ. ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2002ರ ಅಕ್ಟೋಬರ್‌ನಲ್ಲಿ. ಆಗಲೂ ಕೋರ್ಟು ನಾಳೆಯೇ ನಿಲ್ಲಿಸಿ ಎಂದು ಹೇಳಲಿಲ್ಲ. 2005ರ ಕೊನೆಯವರೆಗೆ ಸಮಯ ಕೊಟ್ಟಿತು. ಗುತ್ತಿಗೆ ಮುಗಿದಲ್ಲಿಂದ ಲೆಕ್ಕ ಹಾಕಿದರೆ ಆರು ವರ್ಷಕ್ಕೂ ಮೇಲೆ. ಅಲ್ಲಿನ ಕೆಲಸಗಾರರಿಗೆ ಮುಂದೇನು ಎಂದು ಯೋಚಿಸಲು, ಅವರ ಮಕ್ಕಳಿಗೆ ಬೇರೆ ಕಸುಬು ಕಲಿಸಲು ಅದು ಕಡಿಮೆ ಸಮಯವಲ್ಲ. ಆ ವರ್ಷಗಳೆಲ್ಲ ಗುತ್ತಿಗೆ ಮುಂದುವರಿಸಿ ಎಂದು ಕೇಳುವುದರಲ್ಲೇ ಹೋದವು. ನನಗೆ ಸಿಟ್ಟು ಬರುವುದು ಇಲ್ಲಿಯೇ. ಕೆಲಸ ಕಳೆದುಕೊಂಡವರ ನೋವು ನಿಜ. ಆ ನೋವಿಗೆ ಕಾಡನ್ನು ಹೊಣೆ ಮಾಡುವುದು ಮಾತ್ರ ತಪ್ಪು.

ಇನ್ನು, ಆ ಗಣಿಯ ನೌಕರಿ ಅಷ್ಟು ಗಟ್ಟಿಯಾಗಿತ್ತಾ? ಅದು ಶುರುವಾದದ್ದೇ ಇರಾನ್ ದೇಶದ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಕೊಡಲು, ಇರಾನ್ ಕೊಟ್ಟ ಸಾಲದಿಂದ. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು. 1980ರಲ್ಲಿ ಇಲ್ಲಿ ಘಟಕ ಸಿದ್ಧವಾದಾಗ ಕೊಳ್ಳುವವರೇ ಇರಲಿಲ್ಲ. ಬೇರೆ ದೇಶಗಳಲ್ಲಿ ಗಿರಾಕಿ ಹುಡುಕಬೇಕಾಯಿತು. ಅಂದರೆ ಈ ಕೆಲಸಗಳಿಗೆ ಮೊದಲ ಕುತ್ತು ಬಂದದ್ದು ಇರಾನಿನ ರಾಜಕೀಯದಿಂದ, ಅಲ್ಲಿನ ಗುಡ್ಡದ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡಿನಿಂದಲ್ಲ. ಮೇಲಾಗಿ ಅದಿರು ಕಡಿಮೆ ದರ್ಜೆಯದು. ಅಗೆದದ್ದರಲ್ಲಿ ಹೆಚ್ಚಿನ ಪಾಲು ಕೆಲಸಕ್ಕೆ ಬಾರದ ಕೆಸರು. ಅದನ್ನು ತುಂಬಲೆಂದೇ ಲಕ್ಯಾದಲ್ಲಿ ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಒಳ್ಳೆಯ ಅದಿರನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಮಂಗಳೂರಿನಲ್ಲಿ ಅದರಿಂದ ಉಂಡೆ ಮಾಡುವ ಘಟಕ ಇತ್ತು. ಗಣಿ ನಿಂತ ಮೇಲೂ ಆ ಘಟಕ ಹೊರಗಿನ ಅದಿರು ತರಿಸಿಕೊಂಡು ನಡೆದಿದೆ. ಈ ಸಂಗತಿಯನ್ನು ಆ ಕಥೆ ಹೇಳುವವರು ಯಾಕೋ ಹೇಳುವುದೇ ಇಲ್ಲ.

ಲೆಕ್ಕದ ಇನ್ನೊಂದು ಬದಿ ನೋಡಿ. ಕುದುರೆಮುಖದ ಸುತ್ತ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ. ಅಂಥ ಮಳೆಯಲ್ಲಿ ಗುಡ್ಡ ಬಗೆದು ಮಣ್ಣು ಬಿಟ್ಟರೆ ಅದು ಎಲ್ಲಿಗೆ ಹೋಗಬೇಕು? ಭದ್ರೆಗೆ. ಭದ್ರೆಯ ಮೇಲ್ಭಾಗದಲ್ಲಿ ಗಣಿಯ ಜಾಗ ಬಹಳ ಸಣ್ಣದು. ಹೊಳೆಗೆ ಬರುತ್ತಿದ್ದ ಹೂಳಿನಲ್ಲಿ ಅದರ ಪಾಲು ಬಹಳ ದೊಡ್ಡದು. ಅದೇ ಭದ್ರೆಗೆ ಲಕ್ಕವಳ್ಳಿಯಲ್ಲಿ ಕಟ್ಟೆ ಕಟ್ಟಿದ್ದಾರೆ. 71.5 ಟಿಎಂಸಿ ನೀರು ನಿಲ್ಲುತ್ತದೆ, ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು ಜಮೀನಿಗೆ ಹರಿಯುತ್ತದೆ. ದಾವಣಗೆರೆಯ ಭತ್ತ, ಚನ್ನಗಿರಿ ಕಡೆಯ ಅಡಿಕೆ, ಅದನ್ನು ನಂಬಿದ ರೈಸ್‌ಮಿಲ್ಲು, ಮಂಡಿ, ಹಮಾಲರು, ಲಾರಿಯವರು, ನಾಟಿಗೆ ಹೋಗುವ ಹೆಂಗಸರು, ಇವೆಲ್ಲ ಕೆಲಸವೇ ಅಲ್ವಾ? ಗಣಿಯ ನೌಕರಿಗೆ ಸಂಬಳದ ಚೀಟಿ ಇರುತ್ತದೆ, ಎಣಿಸಲು ಸುಲಭ. ಹೊಳೆ ಕೊಡುವ ಕೆಲಸಕ್ಕೆ ಚೀಟಿ ಇಲ್ಲ. ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಾಗಾದರೆ ಪರಿಸರದ ಕಾರಣವೇ ಇಲ್ಲದೆ ಮುಚ್ಚಿದ ಗಣಿಗಳ ಕಥೆ ಏನು? ಕೋಲಾರದ ಚಿನ್ನದ ಗಣಿ (ಕೆಜಿಎಫ್) ನೋಡಿ. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಅಲ್ಲಿ ಹುಲಿಯೂ ಇರಲಿಲ್ಲ, ಪರಿಸರದ ದಾವೆ ಕೇಳುವ ಹಸಿರು ಪೀಠವೂ ಇರಲಿಲ್ಲ. ಆಳಕ್ಕೆ ಹೋದಂತೆ ಖರ್ಚು ಏರಿತು, ಚಿನ್ನ ಇಳಿಯಿತು, ನಷ್ಟ ತಡೆಯಲಾಗಲಿಲ್ಲ. ಉಳಿದದ್ದು ಸೈನೈಡ್ ದಿಬ್ಬಗಳು, ಅಂದರೆ ಚಿನ್ನ ತೆಗೆದ ಮೇಲೆ ಸುರಿದ ಪುಡಿಯ ರಾಶಿಗಳು. ಗಾಳಿ ಬೀಸಿದರೆ ಇಂದಿಗೂ ಅದರ ಧೂಳು ಮನೆಗಳ ಒಳಗೆ ಬರುತ್ತದೆ. ಗಣಿ ಕಾರ್ಮಿಕರ ಮಕ್ಕಳು ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯದೂ ಹೆಚ್ಚುಕಡಿಮೆ ಇದೇ ಪಾಡು. ಅಕೇಶಿಯಾ ಬೆಳೆಯಲು ಅದಕ್ಕೆ ಸಾವಿರಾರು ಹೆಕ್ಟೇರ್ ಅರಣ್ಯ ಭೂಮಿ ಕೊಟ್ಟಿದ್ದರು. 2015ರಲ್ಲಿ ಉತ್ಪಾದನೆ ನಿಂತಿತು. ಕಾಡು ಕೊಟ್ಟರೂ ಕೆಲಸ ಉಳಿಯಲಿಲ್ಲ. ಆದ್ದರಿಂದ ದಯವಿಟ್ಟು ಇನ್ನು ಮುಂದೆ ಕುದುರೆಮುಖದ ಹೆಸರು ಹೇಳುವವರು ಕೆಜಿಎಫ್‌ನ ಹೆಸರನ್ನೂ ಅದರ ಪಕ್ಕದಲ್ಲೇ ಹೇಳಿ.

ಸರಿ, ಕೆಲಸ ಹುಟ್ಟುವುದನ್ನು ತೋರಿಸಿ ಎನ್ನುತ್ತೀರಿ. ಅಡಿಕೆ ಹಾಳೆ ತಟ್ಟೆ ನೋಡಿ. ಮೊದಲು ಹಾಳೆ ತೋಟದಲ್ಲೇ ಬಿದ್ದು ಗೊಬ್ಬರವಾಗುತ್ತಿತ್ತು, ದನಕ್ಕೆ ಮೇವಾಗುತ್ತಿತ್ತು, ಕರಾವಳಿಯಲ್ಲಿ ತಲೆಗೆ ಮುಟ್ಟಾಳೆಯಾಗುತ್ತಿತ್ತು. ಕರ್ನಾಟಕ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಾಮಾನಿಗೆ ಇಡೀ ದೇಶದಲ್ಲೇ ನಿಷೇಧ ಬಂತು. ನಿಯಮ ಬಂದ ಕಡೆ ಮಾರುಕಟ್ಟೆ ತೆರೆಯಿತು. ಮದುವೆ ಮನೆ, ಜಾತ್ರೆ, ಅನ್ನಸಂತರ್ಪಣೆ ಎಲ್ಲ ಕಡೆ ಹಾಳೆ ತಟ್ಟೆ ಕೇಳತೊಡಗಿದರು.

ಕೆಲಸ ಹೇಗೆ ನಡೆಯುತ್ತದೆ ಎಂದರೆ, ಬೇಸಿಗೆ ಮುಗಿಯುವುದರೊಳಗೆ ಹಾಳೆ ಆರಿಸಿ ಒಣಗಿಸಿ ಪೇರಿಸಿಡಬೇಕು. ಮಳೆಗೆ ಸಿಕ್ಕಿದರೆ ಬೂಸ್ಟು ಹಿಡಿಯಿತು ಎಂದೇ ಲೆಕ್ಕ. ಬೇಕಾದಾಗ ನೀರಿನಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ ತೊಳೆದು, ನೀರು ಸೋರಲು ಬಿಡುತ್ತಾರೆ. ಆಮೇಲೆ ಕಾದ ಅಚ್ಚಿನ ಮೇಲಿಟ್ಟು ಒತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಹಬೆ ಹೋಗಿ ತಟ್ಟೆಯ ಆಕಾರ ಬರುತ್ತದೆ. ಅಂಚು ಕತ್ತರಿಸಿ, ಬಿರುಕು ಇದೆಯಾ ಎಂದು ಬೆಳಕಿಗೆ ಹಿಡಿದು ನೋಡಿ ಕಟ್ಟು ಕಟ್ಟುತ್ತಾರೆ. ಒಂದು ಹಾಳೆಗೆ ಗಾತ್ರ ನೋಡಿಕೊಂಡು ಎರಡೋ ಮೂರೋ ತಟ್ಟೆ. ಹಾಳೆ ಆರಿಸುವವರಿಂದ ಕಟ್ಟು ಕಟ್ಟುವವರವರೆಗೆ ಹೆಚ್ಚಿನವರು ಹೆಂಗಸರು. ಮನೆ ಹತ್ತಿರವೇ ಕೂಲಿ ಸಿಗುತ್ತದೆ.

ಇಲ್ಲೂ ಎಚ್ಚರಿಕೆ ಬೇಕು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅಡಿಕೆ ಹಾಳೆ ತಟ್ಟೆಯ ಆಮದಿಗೆ ತಡೆ ಹಾಕಿತು. ಹಾಳೆಯಲ್ಲಿರುವ ಅಂಶಗಳು ಊಟಕ್ಕೆ ಇಳಿಯಬಹುದು ಎಂಬ ಕಾರಣಕ್ಕೆ. ರಫ್ತು ನಂಬಿದ ಘಟಕಗಳಿಗೆ ದೊಡ್ಡ ಪೆಟ್ಟು. ಹಸಿರು ವ್ಯಾಪಾರವೂ ವ್ಯಾಪಾರವೇ. ಪರೀಕ್ಷೆ, ಗುಣಮಟ್ಟ, ಪರ್ಯಾಯ ಗಿರಾಕಿ ಎಲ್ಲವೂ ಅದಕ್ಕೆ ಬೇಕು.

ಕುದುರೆಮುಖದಲ್ಲಿ ಈಗ ಏನಿದೆ ಎಂದೂ ಕೇಳುತ್ತಾರೆ. ಕಳಸ, ಸಂಸೆ ಕಡೆ ಹೋಂಸ್ಟೇಗಳಿವೆ. ಚಾರಣದವರನ್ನು ಮುಳ್ಳೋಡಿಗೆ ಕರೆದೊಯ್ಯುವ ಜೀಪಿನವರಿದ್ದಾರೆ, ದಾರಿ ತೋರಿಸುವ ಸ್ಥಳೀಯ ಹುಡುಗರಿದ್ದಾರೆ. ಕಂಪನಿ ನೌಕರಿಯ ಸಂಬಳ, ಕ್ವಾರ್ಟರ್ಸ್, ಆಸ್ಪತ್ರೆಗೆ ಇದು ಸಮ ಅಲ್ಲ. ಆದರೆ ಗುಡ್ಡ ಇರುವವರೆಗೆ ಈ ದುಡಿಮೆಗೆ ಗುತ್ತಿಗೆ ಮುಗಿಯುವ ತಾರೀಕಿಲ್ಲ.

ಆರ್ಥಿಕ ಬೆಳವಣಿಗೆಯ ಬಗ್ಗೆ ಒಂದೇ ಮಾತು. ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪನ್ನದ ಲೆಕ್ಕ, ಏರಿತು ಅಂದಾಕ್ಷಣ ಹಿಗ್ಗಬೇಡಿ. ಕೋಲಾರದ ರೈತ ಸಾಲ ಮಾಡಿ ಸಾವಿರದ ಇನ್ನೂರು ಅಡಿ ಬೋರ್ ಕೊರೆಸಿದರೆ, ರಿಗ್ಗಿನವನಿಗೆ ಕೊಟ್ಟ ದುಡ್ಡೂ ಆ ಲೆಕ್ಕಕ್ಕೆ ಸೇರುತ್ತದೆ. ಬತ್ತಿದ ಅಂತರ್ಜಲ ಸೇರುವುದಿಲ್ಲ. ಕೆರೆಯ ಹೂಳೆತ್ತಿ ನೀರು ನಿಲ್ಲಿಸಿದರೆ ಬೋರಿನ ಖರ್ಚು ಉಳಿಯುತ್ತದೆ. ಆ ಉಳಿತಾಯ ಯಾವ ಅಂಕಿಯಲ್ಲೂ ಕಾಣದು. ಅಂಕಿ ಹಿಡಿದು ವಾದ ಮಾಡುವವರು ಇದನ್ನು ತಿಳಿದಿರಬೇಕು.

ಯಾರೂ ಅಷ್ಟಾಗಿ ಕೇಳದ, ನನಗೆ ಮಾತ್ರ ಮುಖ್ಯ ಅನಿಸುವ ಪ್ರಶ್ನೆ ಇನ್ನೊಂದಿದೆ. ಹಸಿರು ಕೆಲಸ ಹುಟ್ಟಿದರೆ ಸಿಗುವುದು ಯಾರಿಗೆ?

ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ ನೋಡಿ. ಬರದ ಸೀಮೆ. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆಗಾಗಿ ಆಕಾಶ ನೋಡುತ್ತಿದ್ದ ಜಮೀನುದಾರರಿಗೆ ಇದು ದೊಡ್ಡ ಆಸರೆ, ಸಂದೇಹವಿಲ್ಲ. ಹತ್ತು ಎಕರೆ ಇದ್ದವರಿಗೆ ವರ್ಷಕ್ಕೆ ಎರಡು ಲಕ್ಷದ ಮೇಲೆ ಬಂತು. ಆದರೆ ಅದೇ ಹೊಲದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ, ಕಳೆ ತೆಗೆಯುತ್ತಿದ್ದ ಭೂಮಿ ಇಲ್ಲದ ಕೂಲಿಯವರ ಕಥೆ? ಅವರ ಹೆಸರಲ್ಲಿ ಪಹಣಿ ಇಲ್ಲ, ಬಾಡಿಗೆಯೂ ಇಲ್ಲ. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಕಟ್ಟುವಾಗ ಕೈತುಂಬ ಕೆಲಸ ಇತ್ತು. ಕಟ್ಟಿ ಮುಗಿದ ಮೇಲೆ ಉಳಿದದ್ದು ಪ್ಯಾನೆಲ್ ಒರೆಸುವುದು, ಹುಲ್ಲು ಕೀಳುವುದು, ಗೇಟು ಕಾಯುವುದು. ಅಷ್ಟು ಜನಕ್ಕೆ ಅದು ಸಾಲದು.

ಇದನ್ನು ಹೇಳಿದರೆ ಕೆಲವು ಪರಿಸರ ಪ್ರೇಮಿಗಳಿಗೆ ಬೇಸರ. ನಮ್ಮ ವಾದ ದುರ್ಬಲ ಆಗುತ್ತದೆ ಎನ್ನುತ್ತಾರೆ. ಹಾಗಲ್ಲ. ಮುಂದಿನ ಪಾರ್ಕ್ ಬರುವ ಊರಿನವರು ಸಹಿ ಹಾಕುವ ಮೊದಲೇ ಇದನ್ನು ಕೇಳಬೇಕು. ಬಾಡಿಗೆಯ ಒಂದು ಪಾಲು ಭೂಮಿ ಇಲ್ಲದವರಿಗೂ ಸಿಗುವಂತೆ ಬರೆಯಬಹುದು. ಪ್ಯಾನೆಲ್ ಸಾಲುಗಳ ನಡುವೆ ಕುರಿ ಮೇಯಲು ಜಾಗ ಬಿಡಬಹುದು, ಹುಲ್ಲು ಕೀಳುವ ಖರ್ಚೂ ಇಳಿಯುತ್ತದೆ. ಆ ಹಳ್ಳಿಗಳ ಐಟಿಐ ಹುಡುಗ ಹುಡುಗಿಯರಿಗೆ ಮೊದಲೇ ತರಬೇತಿ ಕೊಟ್ಟು, ವೈರಿಂಗ್ ಮತ್ತು ರಿಪೇರಿ ಕೆಲಸವನ್ನು ಅವರಿಗೇ ಕೊಡಿ ಎಂದು ಕರಾರಿನಲ್ಲಿ ಸೇರಿಸಬಹುದು. ಕರಾರಿಗೆ ಸಹಿ ಬಿದ್ದ ಮೇಲೆ ಕೇಳಿದರೆ ಯಾವ ಕಂಪನಿಯೂ ಕಿವಿಗೆ ಹಾಕಿಕೊಳ್ಳುವುದಿಲ್ಲ.