ಅಕ್ಕಿ ಹುಳ, ಮೆಕ್ಕೆಜೋಳದ ಹುಳ: ಜೀನ್ ಗುರುತಿನಿಂದ ಬೇರ್ಪಡಿಸುವುದು ಹೇಗೆ?

ಅಕ್ಕಿ, ಗೋಧಿಗೆ ಬೀಳುವ ಸೊಂಡಿಲಿನ ಕುಟ್ಟೆ ಹುಳವೂ ಜೀರುಂಡೆಗಳ ಗುಂಪಿನದೇ. ಇದರಲ್ಲಿ ತೀರಾ ಹತ್ತಿರದ ಎರಡು ಪ್ರಭೇದಗಳಿವೆ. ಸಿಟೋಫಿಲಸ್ ಒರೈಝೆ ಅಕ್ಕಿ ಹುಳ, ಸಿಟೋಫಿಲಸ್ ಝೀಮೇಸ್ ಮೆಕ್ಕೆಜೋಳದ ಹುಳ. ಹಾಗಂತ ಯಾವ ಕಾಳಿನಲ್ಲಿ ಸಿಕ್ಕಿತು ಅಂತ ನೋಡಿ ಹೆಸರಿಡಬೇಡಿ. ಎರಡೂ ಹುಳ ಎರಡೂ ಕಾಳು ತಿನ್ನುತ್ತವೆ. ಬೆನ್ನಿನ ಮೇಲಿನ ನಾಲ್ಕು ಕೆಂಚು ಚುಕ್ಕೆಯೂ ಎರಡಕ್ಕೂ ಇರುತ್ತದೆ. ಝೀಮೇಸ್ ಸಾಮಾನ್ಯವಾಗಿ ಸ್ವಲ್ಪ ದೊಡ್ಡದು, ಆದರೆ ಗಾತ್ರವನ್ನೂ ನಂಬುವ ಹಾಗಿಲ್ಲ. ಸಣ್ಣ ಕಾಳಿನೊಳಗೆ ಬೆಳೆದ ಹುಳ ಸಣ್ಣದೇ ಆಗುತ್ತದೆ.

1944ರಲ್ಲಿ ವಿಜ್ಞಾನಿ ಬರ್ಚ್ ಈ ಎರಡು ಹುಳಗಳನ್ನು ಒಂದೇ ಪ್ರಭೇದದ ಎರಡು ತಳಿಗಳೆಂದು ವಿವರಿಸಿದ್ದರು. ಹೆಸರುಗಳ ಗೊಂದಲವನ್ನು ಬಿಡಿಸಿದ್ದು ಕೀಟ ವಿಜ್ಞಾನಿ ಕುಶೆಲ್, 1961ರಲ್ಲಿ. ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒರೈಝೆಯಲ್ಲಿ ಮೇಲ್ಭಾಗ ನಯವಾಗಿರುತ್ತದೆ. ಝೀಮೇಸ್‌ನಲ್ಲಿ ಉದ್ದಕ್ಕೆ ಎರಡು ತಗ್ಗು ಗೆರೆಗಳಿರುತ್ತವೆ.

ಸಿಕ್ಕಿದ್ದು ಮರಿಹುಳವೋ, ಬರೀ ಒಂದು ಕಾಲೋ ಆಗಿದ್ದರೆ? ಆಗ ಜೀನ್ ಗುರುತು, ಅಂದರೆ ಪ್ರಭೇದವನ್ನು ತೋರಿಸಿಕೊಡುವ ಡಿಎನ್‌ಎ ತುಣುಕು ಬೇಕು. ಜಾಸ್ತಿ ಬಳಕೆಯಲ್ಲಿರುವುದು ಸಿಒಐ (ಸೈಟೋಕ್ರೋಮ್ ಸಿ ಆಕ್ಸಿಡೇಸ್ 1) ಜೀನ್. ಡಿಎನ್‌ಎಯ ಘಟಕಗಳಾದ ಎ, ಟಿ, ಜಿ, ಸಿಗಳನ್ನು ಅಕ್ಷರ ಅನ್ನೋಣ. ಈ ಜೀನಿನ 658 ಅಕ್ಷರಗಳ ತುಣುಕನ್ನೇ ಡಿಎನ್‌ಎ ಬಾರ್‌ಕೋಡ್ ಎನ್ನುತ್ತಾರೆ. ಇದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದಲ್ಲಿದೆ, ಒಂದೊಂದು ಜೀವಕೋಶದಲ್ಲೂ ಇದರ ಪ್ರತಿಗಳು ಬೇಕಾದಷ್ಟಿರುತ್ತವೆ. ಅದಕ್ಕೇ ಒಂದು ಕಾಲು ಸಾಕಾಗುತ್ತದೆ.

ಈ ಜೀನೇ ಯಾಕೆ? ನನ್ನ ಪ್ರಕಾರ ಇಡೀ ಪಾಠದಲ್ಲಿ ಚೆನ್ನಾಗಿ ಅರ್ಥವಾಗಬೇಕಾದ್ದು ಇದೇ. ಇದರಿಂದ ತಯಾರಾಗುವ ಪ್ರೋಟೀನ್ ಉಸಿರಾಟದ ಕೆಲಸಕ್ಕೆ ಬೇಕೇಬೇಕು, ಅದು ಕೆಟ್ಟರೆ ಹುಳ ಬದುಕುವುದಿಲ್ಲ. ಆದರೆ ಡಿಎನ್‌ಎಯ ಮೂರು ಅಕ್ಷರ ಸೇರಿದರೆ ಪ್ರೋಟೀನಿನ ಒಂದು ಇಟ್ಟಿಗೆ, ಅಂದರೆ ಒಂದು ಅಮೈನೋ ಆಮ್ಲ, ಅಲ್ವಾ? ಜಿಜಿಎ ಇದ್ದದ್ದು ಜಿಜಿಟಿ ಆದರೂ ಬರುವುದು ಗ್ಲೈಸಿನ್ ಎಂಬ ಅದೇ ಅಮೈನೋ ಆಮ್ಲ. ಪ್ರೋಟೀನ್ ಹಾಗೇ ಇರುತ್ತದೆ, ಬದಲಾವಣೆ ಮಾತ್ರ ಉಳಿದುಕೊಳ್ಳುತ್ತದೆ. ಕೂಡುವುದು ನಿಂತ ಎರಡು ಗುಂಪುಗಳಲ್ಲಿ ಇಂಥ ಮೂರನೇ ಅಕ್ಷರದ ಬದಲಾವಣೆಗಳು ಬೇರೆಬೇರೆಯಾಗಿ ಸೇರುತ್ತಾ ಹೋಗುತ್ತವೆ. ಪ್ರಭೇದದ ಒಳಗಿನ ವ್ಯತ್ಯಾಸ ಕಡಿಮೆ, ನಡುವಿನದು ಜಾಸ್ತಿ ಇದ್ದರೆ ಆ ಅಂತರವೇ ನಮಗೆ ಬೇಕಾದ ಸಾಕ್ಷಿ. ವ್ಯತ್ಯಾಸ ಶೇ. 2 ದಾಟಿದರೆ ಬೇರೆ ಪ್ರಭೇದ ಅಂತ ಸುಮ್ನೆ ಬಾಯಿಪಾಠ ಮಾಡಬೇಡಿ. ಎಲ್ಲ ಜೀರುಂಡೆಗಳಿಗೂ ಒಂದೇ ಗಡಿ ಹೊಂದುವುದಿಲ್ಲ.

ಇನ್ನೊಂದು ಎಚ್ಚರ. ಮೈಟೊಕಾಂಡ್ರಿಯ ಬರುವುದು ತಾಯಿಯಿಂದ ಮಾತ್ರ. ಹಿಂದೆಂದೋ ಎರಡು ಪ್ರಭೇದ ಬೆರೆತಿದ್ದರೆ ಸಿಒಐ ತಾಯಿಯ ಕಡೆಯ ಕಥೆಯನ್ನಷ್ಟೇ ಹೇಳುತ್ತದೆ. ಕೀಟಗಳ ಜೀವಕೋಶದೊಳಗೆ ಬದುಕುವ ವೋಲ್‌ಬಾಕಿಯಾ ಎಂಬ ಬ್ಯಾಕ್ಟೀರಿಯಾ ಕೂಡ ಮೊಟ್ಟೆಯ ಮೂಲಕವೇ ಹರಡುತ್ತದೆ, ಹರಡುವಾಗ ಒಂದೇ ಬಗೆಯ ಮೈಟೊಕಾಂಡ್ರಿಯವನ್ನು ಜೊತೆಗೆ ಎಳೆದೊಯ್ಯಬಹುದು. ಹಾಗಾಗಿ ತಂದೆ, ತಾಯಿ ಇಬ್ಬರಿಂದಲೂ ಬರುವ ಕೋಶಕೇಂದ್ರದ ಡಿಎನ್‌ಎಯಲ್ಲಿರುವ ಐಟಿಎಸ್2 ಎಂಬ ತುಣುಕನ್ನೂ ಓದಬೇಕು. ಒರೈಝೆ, ಝೀಮೇಸ್ ವಿಷಯದಲ್ಲಿ ಎರಡು ಗುರುತೂ ಒಂದೇ ಉತ್ತರ ಕೊಡುತ್ತವೆ.

ಹೋಲಿಸಲು ಇಟ್ಟುಕೊಂಡ ಮಾದರಿಗೇ ತಪ್ಪು ಹೆಸರಿದ್ದರೆ ನಮ್ಮ ಉತ್ತರವೂ ತಪ್ಪೇ. ಆದ್ದರಿಂದ ಜನನಾಂಗ ನೋಡಿ ಗುರುತಿಸಿದ ಹುಳದ ಡಿಎನ್‌ಎ ಜೊತೆಗೇ ಹೋಲಿಸಿ. ಕಾಲು ತೆಗೆದ ಮೇಲೆ ಉಳಿದ ಹುಳವನ್ನು ಎಸೆಯದೆ, ಸಂಖ್ಯೆ ಬರೆದು ಎತ್ತಿಡಿ.